ಸುಳ್ಳು ಹೇಳದೆ ಏಮಾರಿಸಿದ ಕಾದಂಬರಿ: ‘ರೋಜರ್ ಆಕ್ರಾಯ್ಡ್’ ಓದಿದವರು ಇಂದಿಗೂ ಜಗಳಾಡುವುದೇಕೆ?

ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಪುಸ್ತಕವಾಗಿ ಹೊರಬಂದದ್ದು 1926ರ ಜೂನ್ ತಿಂಗಳಲ್ಲಿ. ಲೇಖಕಿ ತೀರಿಕೊಂಡದ್ದು 1976ರ ಜನವರಿಯಲ್ಲಿ. ಹಾಗಾಗಿ 2026 ಈ ಕಾದಂಬರಿಗೆ ನೂರನೇ ವರ್ಷ, ಬರೆದವಳು ಹೋಗಿ ಐವತ್ತನೇ ವರ್ಷ. ಇದೇ ನೆಪದಲ್ಲಿ ಮೊದಲ ಸಲ ಪುಸ್ತಕ ಕೈಗೆತ್ತಿಕೊಂಡವರು ಕೊನೆಯ ಪುಟ ಮುಗಿಸಿದ ಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡುತ್ತಾರೆ. ಒಂದು, ‘ಅಬ್ಬಾ, ಎಂಥ ತಲೆ ಕಣ್ರೀ!’ ಇನ್ನೊಂದು, ‘ಇದು ಮೋಸ. ಹೀಗೆ ಮಾಡಬಾರದಿತ್ತು.’

ನೂರು ವರ್ಷದ ಹಿಂದಿನ ಓದುಗರೂ ಇದೇ ಎರಡು ಮಾತು ಆಡಿದ್ದರು. ಉಳಿದ ಪತ್ತೇದಾರಿ ಕಾದಂಬರಿಗಳ ಬಗ್ಗೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅನ್ನುತ್ತೇವೆ. ಇದರ ಬಗ್ಗೆ ಮಾತ್ರ ‘ನ್ಯಾಯವೇ, ಅನ್ಯಾಯವೇ’ ಎಂಬ ಪ್ರಶ್ನೆ ಏಳುತ್ತದೆ. ಕಥೆಪುಸ್ತಕದಲ್ಲಿ ನ್ಯಾಯದ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ.

ಲೇಖನದ ಮೊದಲ ಎರಡು ಭಾಗಗಳಲ್ಲಿ ಗುಟ್ಟು ಬಯಲಾಗುವುದಿಲ್ಲ. ಪುಸ್ತಕ ಇನ್ನೂ ಓದದವರು ಅಷ್ಟು ಓದಿ ನಿಲ್ಲಿಸಬಹುದು. ಮೂರನೆಯ ಭಾಗದ ಬಾಗಿಲಲ್ಲಿ ಎಚ್ಚರಿಕೆಯ ಫಲಕ ಹಾಕಿದೆ.

ಒಗಟಿನ ಕಟ್ಟಳೆ

‘ಕಾಸಿನ ಕುದುರೆಗೆ ಬಾಲದ ಲಗಾಮು.’ ಉತ್ತರ ಸೂಜಿ ಮತ್ತು ದಾರ. ಗೊತ್ತಿಲ್ಲದವರಿಗೆ ಇದು ತಲೆಬುಡವಿಲ್ಲದ ಮಾತು. ಉತ್ತರ ತಿಳಿದ ಮೇಲೆ ಮಾತ್ರ ಎಲ್ಲ ಸರಿಹೊಂದುತ್ತದೆ: ಕಾಸಿಗೆ ಸಿಗುವಂಥದ್ದು, ಕುದುರೆಯಂತೆ ಓಡುವಂಥದ್ದು, ಲಗಾಮು ಮಾತ್ರ ಬಾಯಿಗಲ್ಲ, ಬಾಲಕ್ಕೆ. ಒಗಟು ಹೇಳಿದವಳು ಒಂದು ಸುಳ್ಳೂ ಹೇಳಿಲ್ಲ, ಬೇಕಾದ ಯಾವುದನ್ನೂ ಬಚ್ಚಿಟ್ಟೂ ಇಲ್ಲ. ನಮ್ಮ ಮನಸ್ಸು ನಿಜವಾದ ಕುದುರೆಯ ಹಿಂದೆ ಓಡಿತು, ಅಷ್ಟೇ. ಉತ್ತರ ‘ಎಮ್ಮೆ’ ಅಂದುಬಿಟ್ಟಿದ್ದರೆ ಆಗ ಅದು ಅನ್ಯಾಯ.

1920, 30ರ ದಶಕಗಳ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ನಿಂತಿರುವುದು ಇದೇ ಕಟ್ಟಳೆಯ ಮೇಲೆ. ಥ್ರಿಲ್ಲರ್ ಬೇರೆ. ಅಲ್ಲಿ ‘ಮುಂದೇನಾಗುತ್ತದೋ’ ಎಂಬ ಕುತೂಹಲಕ್ಕೆ ಓದುತ್ತೇವೆ. ಪತ್ತೇದಾರಿಯಲ್ಲಿ ನಡೆಯಬೇಕಾದ್ದು ನಡೆದುಹೋಗಿರುತ್ತದೆ, ‘ಹಿಂದೆ ಏನಾಗಿತ್ತು’ ಎಂಬುದನ್ನು ಪತ್ತೇದಾರನ ಜೊತೆ ನಾವೂ ಹುಡುಕುತ್ತೇವೆ. ಅವನಿಗೆ ಸಿಕ್ಕ ಸುಳಿವೆಲ್ಲ ನಮಗೂ ಸಿಗಬೇಕು, ಕೊನೆಗೆ ಹಿಂತಿರುಗಿ ನೋಡಿದರೆ ಉತ್ತರ ಪುಟಗಳಲ್ಲೇ ಇರಬೇಕು. ಇಂಗ್ಲಿಷಿನವರು ಇದನ್ನು ಫೇರ್ ಪ್ಲೇ ಅನ್ನುತ್ತಾರೆ. ನಾವು ನ್ಯಾಯದ ಆಟ ಎಂದುಕೊಳ್ಳೋಣ.

ಮುಂದೆ ಬರುವ ಮೂರು ಮಾತುಗಳ ಅರ್ಥ ಈಗಲೇ ಹೇಳಿಬಿಡುವುದು ಒಳ್ಳೆಯದು. ಅಲಿಬೈ ಎಂದರೆ ಕೊಲೆ ನಡೆದ ಹೊತ್ತಿಗೆ ತಾನು ಬೇರೆಲ್ಲೋ ಇದ್ದೆ ಎನ್ನಲು ಇರುವ ಪುರಾವೆ. ದಾರಿ ತಪ್ಪಿಸುವ ಸುಳಿವು ಎಂದರೆ ನಿಜವಾದರೂ ಕೊಲೆಗೆ ಸಂಬಂಧಪಡದ ಸಂಗತಿ. ಕಳ್ಳತನ ಮಾಡಿದವನೊಬ್ಬ ಹೆದರಿ ಸುಳ್ಳು ಹೇಳುತ್ತಾನೆ, ನಾವು ಅವನನ್ನೇ ಕೊಲೆಗಾರ ಎಂದುಕೊಳ್ಳುತ್ತೇವೆ. ನಿರೂಪಕ ಎಂದರೆ ಕಥೆಯನ್ನು ‘ನಾನು’ ಎಂದು ಹೇಳುತ್ತಿರುವ ವ್ಯಕ್ತಿ. ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದ ಹಾಗೆ ಹೆಚ್ಚಿನ ಪತ್ತೇದಾರರಿಗೆ ಒಬ್ಬ ಜೊತೆಗಾರ ಇರುತ್ತಾನೆ. ಅವನು ಕಂಡದ್ದನ್ನು ಬರೆಯುತ್ತಾನೆ, ಪತ್ತೇದಾರನ ತಲೆಯೊಳಗೆ ಏನಿದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಲೇಖಕರಿಗೆ ಇದರಿಂದ ಬಹಳ ಅನುಕೂಲ. ಉತ್ತರವನ್ನು ಕೊನೆಯವರೆಗೆ ಮುಚ್ಚಿಡಬಹುದು, ಮುಚ್ಚಿಟ್ಟರು ಎಂಬ ಅಪವಾದವೂ ಬರುವುದಿಲ್ಲ.

ಗುಂಪಿನಲ್ಲಿ ಓದುವವರಿಗೆ

ಕಾದಂಬರಿಯಲ್ಲಿ 27 ಅಧ್ಯಾಯಗಳಿವೆ, ಸುಮಾರು 70 ಸಾವಿರ ಪದ. ನಾಲ್ಕಾರು ಜನ ಸೇರಿ ವಾರಕ್ಕಿಷ್ಟು ಎಂದು ಓದುವುದಾದರೆ ಮೂರು ಕಡೆ ನಿಲ್ಲುವುದು ಸರಿ. ಮೊದಲ ನಿಲುಗಡೆ 5ನೇ ಅಧ್ಯಾಯದ ಕೊನೆ. ಅಷ್ಟರಲ್ಲಿ ಹೆಣ ಸಿಕ್ಕಿರುತ್ತದೆ. ಎರಡನೆಯದು 12ನೇ ಅಧ್ಯಾಯದ ಕೊನೆ. ಅಲ್ಲಿ ಪತ್ತೇದಾರ ಪ್ವಾರೋ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, ನಿಮ್ಮಲ್ಲಿ ಪ್ರತಿಯೊಬ್ಬರೂ ಏನನ್ನೋ ಮುಚ್ಚಿಡುತ್ತಿದ್ದೀರಿ ಎನ್ನುತ್ತಾನೆ. ಮೂರನೆಯದು 23ನೇ ಅಧ್ಯಾಯದ ಕೊನೆ. ಅಲ್ಲಿಂದ ಮುಂದಿನದನ್ನು ಒಂದೇ ಬೀಸಿಗೆ ಓದಿ ಮುಗಿಸಬೇಕು, ತುಂಡು ಮಾಡಿದರೆ ಕೆಡುತ್ತದೆ.

ಪ್ರತಿ ನಿಲುಗಡೆಯಲ್ಲೂ ಎಲ್ಲರೂ ಒಂದೊಂದು ಚೀಟಿ ಬರೆದು ಮಡಚಿ ಡಬ್ಬಿಗೆ ಹಾಕಲಿ. ಚೀಟಿಯಲ್ಲಿ ಮೂರು ಸಂಗತಿ: ಯಾರ ಮೇಲೆ ಗುಮಾನಿ, ಯಾವ ಪುಟದ ಯಾವ ಮಾತಿನಿಂದ, ಕೊಲೆ ಎಷ್ಟು ಗಂಟೆಗೆ ಆಗಿರಬಹುದು. ಮೂರನೆಯದನ್ನು ಬಿಡಬೇಡಿ. ಬರೀ ಹೆಸರು ಬರೆದವರು ಕೊನೆಗೆ ‘ನನಗೆ ಮೊದಲೇ ಅನ್ನಿಸಿತ್ತು’ ಎನ್ನುತ್ತಾರೆ. ಗಂಟೆ ಬರೆದವರಿಗೆ ಆ ಸೌಕರ್ಯವಿಲ್ಲ.

ಆಟ ಕೆಡುವುದು ಸಾಮಾನ್ಯವಾಗಿ ಮೊದಲೇ ಓದಿದವರಿಂದ. ಅವರು ಹೆಸರು ಹೇಳುವುದಿಲ್ಲ, ‘ಕೊನೆಯಲ್ಲಿ ದೊಡ್ಡ ಶಾಕ್ ಇದೆ, ನೋಡಿ’ ಅನ್ನುತ್ತಾರೆ. ಅಷ್ಟೇ ಸಾಕು. ಕೇಳಿದವರು ಗುಮಾನಿಗೆ ಹೊರಗಿದ್ದವರನ್ನೇ ಹುಡುಕಲು ಶುರುಮಾಡುತ್ತಾರೆ, ಅಂಥವರು ಪುಸ್ತಕದಲ್ಲಿ ಬಹಳ ಜನ ಇಲ್ಲ. ಮುನ್ನುಡಿಗಳನ್ನೂ ಕಡೆಗೆ ಓದುವುದು ಕ್ಷೇಮ, ಹಳೆಯ ಪುಸ್ತಕ ಎಂಬ ಸಲುಗೆಯಲ್ಲಿ ಮುನ್ನುಡಿಯವರು ಎಲ್ಲ ಹೇಳಿಬಿಟ್ಟಿರಬಹುದು. ಟಿವಿ ರೂಪಾಂತರವನ್ನಂತೂ ಮೊದಲು ನೋಡಲೇಬಾರದು. ಯಾಕೆ ಎಂಬುದು ಮುಂದೆ ಬರುತ್ತದೆ.

ಫಲಕ: ಇಲ್ಲಿಂದ ಮುಂದೆ ಕೊಲೆಗಾರನ ಹೆಸರಿದೆ

ಕಥೆ ನಡೆಯುವುದು ಕಿಂಗ್ಸ್ ಅಬಟ್ ಎಂಬ ಇಂಗ್ಲೆಂಡಿನ ಹಳ್ಳಿಯಲ್ಲಿ. ಕಥೆ ಹೇಳುವವನು ಆ ಊರಿನ ಡಾಕ್ಟರ್ ಜೇಮ್ಸ್ ಶೆಪರ್ಡ್. ಅವನ ಅಕ್ಕ ಕ್ಯಾರೊಲಿನ್ ಮನೆಬಿಟ್ಟು ಕದಲದೆ ಊರ ಸುದ್ದಿಯನ್ನೆಲ್ಲ ಕಲೆಹಾಕುವವಳು. ಪಕ್ಕದ ಮನೆಗೆ ಒಬ್ಬ ವಿದೇಶಿ ಬಂದು ಕುಂಬಳದ ಜಾತಿಯ ಕಾಯಿ ಬೆಳೆಯುತ್ತ ಕೂತಿದ್ದಾನೆ. ಅವನೇ ನಿವೃತ್ತ ಪತ್ತೇದಾರ ಪ್ವಾರೋ.

ಮಿಸೆಸ್ ಫೆರಾರ್ಸ್ ಎಂಬ ವಿಧವೆ ನಿದ್ದೆಮದ್ದು ಹೆಚ್ಚಾಗಿ ಸತ್ತಿರುತ್ತಾಳೆ. ಗಂಡನಿಗೆ ವಿಷ ಕೊಟ್ಟದ್ದು ಅವಳೇ, ಅದನ್ನು ತಿಳಿದ ಯಾರೋ ಒಂದು ವರ್ಷದಿಂದ ಬ್ಲ್ಯಾಕ್‌ಮೇಲ್ ಮಾಡಿ ಹಣ ಹಿಂಡುತ್ತಿದ್ದರು. ಆ ‘ಯಾರೋ’ ಯಾರು ಎಂಬುದನ್ನು ಅವಳು ಸಾಯುವ ಮುಂಚೆ ಪತ್ರದಲ್ಲಿ ಬರೆದು ರೋಜರ್ ಆಕ್ರಾಯ್ಡ್‌ಗೆ ಕಳಿಸಿದ್ದಾಳೆ. ಆಕ್ರಾಯ್ಡ್ ಊರಿನ ಸಿರಿವಂತ, ಅವಳನ್ನು ಮದುವೆಯಾಗಬೇಕಿದ್ದವನು. ಆ ರಾತ್ರಿ ಊಟಕ್ಕೆ ಕರೆದ ಡಾಕ್ಟರನ ಎದುರೇ ಪತ್ರ ಕೈಸೇರುತ್ತದೆ. ಅರ್ಧ ಓದಿ ನಿಲ್ಲಿಸುತ್ತಾನೆ, ಉಳಿದದ್ದನ್ನು ಒಬ್ಬನೇ ಇದ್ದಾಗ ಓದುತ್ತೇನೆ ಎನ್ನುತ್ತಾನೆ. ಅದೇ ರಾತ್ರಿ ತನ್ನ ಓದುವ ಕೋಣೆಯಲ್ಲಿ ಕಠಾರಿಯಿಂದ ತಿವಿಸಿಕೊಂಡು ಸತ್ತಿರುತ್ತಾನೆ. ಪತ್ರ ಮಾಯ.

ಕೊಂದವನು ಡಾಕ್ಟರ್ ಶೆಪರ್ಡ್. ಬ್ಲ್ಯಾಕ್‌ಮೇಲ್ ಮಾಡುತ್ತಿದ್ದವನೂ ಅವನೇ. ಅಂದರೆ ಮೊದಲ ಪುಟದಿಂದ ನಮ್ಮ ಜೊತೆ ‘ನಾನು’ ಎಂದು ಮಾತಾಡುತ್ತಿದ್ದವನೇ ಕೊಲೆಗಾರ. ಜಗಳವೆಲ್ಲ ಇದರ ಸುತ್ತ.

ಹತ್ತು ನಿಮಿಷ ಎಲ್ಲಿ ಹೋಯಿತು

ಚಕ್ಕುಲಿ ಡಬ್ಬಿ ಖಾಲಿಯಾದ ಮನೆಯಲ್ಲಿ ಹುಡುಗನೊಬ್ಬ ಅಮ್ಮನಿಗೆ ಹೀಗೆ ಹೇಳುತ್ತಾನೆ ಎಂದುಕೊಳ್ಳಿ: ‘ಐದು ಗಂಟೆಗೆ ಅಡುಗೆಮನೆಗೆ ಹೋದೆ. ಐದೂ ಹತ್ತಕ್ಕೆ ಆಚೆ ಬಂದೆ. ಬರುವಾಗ ಡಬ್ಬಿಯ ಮುಚ್ಚಳ ಹಾಕೇ ಇತ್ತು.’ ಮೂರೂ ಮಾತು ನಿಜ. ಅಮ್ಮ ಹುಷಾರಾಗಿದ್ದರೆ ಕೇಳುವುದು ಒಂದೇ ಪ್ರಶ್ನೆ: ‘ಹತ್ತು ನಿಮಿಷ ಅಲ್ಲಿ ಏನು ಮಾಡ್ತಿದ್ದೆ?’

4ನೇ ಅಧ್ಯಾಯದಲ್ಲಿ ಡಾಕ್ಟರ್ ಹೇಳುವುದೂ ಇಷ್ಟೇ. ಪತ್ರ ಒಳಗೆ ಬಂದದ್ದು 8:40ಕ್ಕೆ. ತಾನು ಹೊರಟದ್ದು 8:50ಕ್ಕೆ. ಆಗ ಪತ್ರ ಇನ್ನೂ ಓದದೇ ಇತ್ತು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಮ್ಮೆ ಹಿಂತಿರುಗಿ, ಮಾಡದೇ ಬಿಟ್ಟದ್ದು ಏನಾದರೂ ಇದೆಯೇ ಎಂದು ಯೋಚಿಸಿದೆ ಎನ್ನುತ್ತಾನೆ. ಮೊದಲ ಓದಿನಲ್ಲಿ ನಮಗೆ ಕಾಣುವುದು ಗೆಳೆಯನ ಬಗ್ಗೆ ಕಾಳಜಿಯಿಂದ ಹಿಂತಿರುಗಿ ನೋಡುವ ವೈದ್ಯ. ಎರಡನೇ ಓದಿನಲ್ಲಿ ಕಾಣುವುದು ಹೆಣದ ಕೋಣೆಯನ್ನು ಕೊನೆಯ ಸಲ ಪರೀಕ್ಷಿಸುವ ಕೊಲೆಗಾರ. ಒಂದು ಅಕ್ಷರವೂ ಬದಲಾಗಿಲ್ಲ.

ಕಾದಂಬರಿ ಪುಸ್ತಕವಾಗುವ ಮುಂಚೆ, 1925ರಲ್ಲಿ, ‘ಲಂಡನ್ ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ದಿನಪತ್ರಿಕೆಯಲ್ಲಿ ತುಣುಕು ತುಣುಕಾಗಿ ಓದಿದವರಿಗೆ ಆ ವಾಕ್ಯ ಬಂದು ವಾರಗಳ ಮೇಲೆ ಉತ್ತರ ಬಂತು. ಹಳೆಯ ಸಂಚಿಕೆ ಎತ್ತಿಡದವರಿಗೆ ಪರೀಕ್ಷಿಸಿ ನೋಡುವ ದಾರಿಯೇ ಇರಲಿಲ್ಲ. ಪುಸ್ತಕ ಕೈಯಲ್ಲಿರುವವರು ಆ ಲೆಕ್ಕದಲ್ಲಿ ಅದೃಷ್ಟವಂತರು.

ಕೋರ್ಟಿನ ಪ್ರಮಾಣದ ಮೂರು ತುಂಡು

ಕಟಕಟೆಯ ಪ್ರಮಾಣದಲ್ಲಿ ಮೂರು ಮಾತಿವೆ: ಸತ್ಯ ಹೇಳುತ್ತೇನೆ, ಪೂರ್ಣ ಸತ್ಯ ಹೇಳುತ್ತೇನೆ, ಸತ್ಯವಲ್ಲದ್ದನ್ನು ಹೇಳುವುದಿಲ್ಲ. ಒಂದೇ ಮಾತನ್ನು ಮೂರು ಸಲ ಯಾಕೆ ಹೇಳಿಸುತ್ತಾರೆ ಎಂದು ಕೇಳುವವರಿಗೆ ಈ ಕಾದಂಬರಿಯೇ ಉತ್ತರ. ಶೆಪರ್ಡ್ ಮೊದಲನೆಯದನ್ನೂ ಮೂರನೆಯದನ್ನೂ ಪಾಲಿಸುತ್ತಾನೆ, ನಡುವಿನದನ್ನು ಬಿಡುತ್ತಾನೆ. ಕ್ರಿಸ್ಟಿ 25 ಮತ್ತು 26ನೇ ಅಧ್ಯಾಯಗಳಿಗೆ ಇದೇ ಪ್ರಮಾಣದ ತುಂಡುಗಳನ್ನು ಹೆಸರಾಗಿ ಇಟ್ಟಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಅವನು ಸುಳ್ಳೇ ಹೇಳುವುದಿಲ್ಲವೇ? ಹೇಳುತ್ತಾನೆ, ಆದರೆ ಉದ್ಧರಣ ಚಿಹ್ನೆಯೊಳಗೆ ಮಾತ್ರ. ಇದು ಗಮನಿಸಬೇಕಾದ ಗೆರೆ. ರಾತ್ರಿ 10:15ಕ್ಕೆ ಮನೆಯ ಫೋನ್ ಬಾರಿಸುತ್ತದೆ. ಅವನು ರಿಸೀವರಿನಲ್ಲಿ ‘ಏನು? ಈಗಲೇ ಬಂದೆ’ ಎಂಬರ್ಥದ ಮಾತಾಡುತ್ತಾನೆ. ಆಮೇಲೆ ಅಕ್ಕನಿಗೆ ಕೂಗಿ ಹೇಳುತ್ತಾನೆ: ಬಟ್ಲರ್ ಪಾರ್ಕರ್ ಫೋನ್ ಮಾಡಿದ್ದಾನೆ, ಆಕ್ರಾಯ್ಡ್ ಕೊಲೆಯಾಗಿದೆ ಎಂದು. ಇದು ಹಸಿ ಸುಳ್ಳು, ಆದರೆ ಅಕ್ಕನಿಗೆ ಹೇಳಿದ ಸುಳ್ಳು. ನಮಗೆ ಹೇಳಿದ್ದು ‘ನಾನು ಅಕ್ಕನಿಗೆ ಹೀಗೆ ಕೂಗಿ ಹೇಳಿದೆ’ ಎಂದು. ಅದು ನಿಜ. ಪಾತ್ರಗಳು ಒಬ್ಬರಿಗೊಬ್ಬರು ಸುಳ್ಳು ಹೇಳಬಹುದು, ನಿರೂಪಣೆ ಓದುಗನಿಗೆ ಸುಳ್ಳು ಹೇಳಬಾರದು. ಇದು ನ್ಯಾಯದ ಆಟದ ಒಳನಿಯಮ. ಕ್ರಿಸ್ಟಿ ಆ ಗೆರೆಯ ಮೇಲೇ ಕಾಲಿಟ್ಟು ನಡೆದಿದ್ದಾಳೆ, ದಾಟಿಲ್ಲ.

ಮೊದಲ ಅಧ್ಯಾಯದಲ್ಲೂ ಇದೇ ಚಾಳಿ ಇದೆ. ಮಿಸೆಸ್ ಫೆರಾರ್ಸ್ ಸತ್ತ ಬೆಳಿಗ್ಗೆ ತನ್ನ ಮನಸ್ಸು ಬಹಳ ಕಲಕಿತ್ತು ಎಂದು ಡಾಕ್ಟರ್ ಬರೆಯುತ್ತಾನೆ. ಪಾಪ, ಒಳ್ಳೆಯ ಡಾಕ್ಟರ್ ಎಂದುಕೊಳ್ಳುತ್ತೇವೆ. ಹಾಲು ಕರೆಯುತ್ತಿದ್ದ ಹಸು ಸತ್ತಿದೆ, ಸಾಯುವ ಮುಂಚೆ ಯಾರಿಗೆ ಏನು ಹೇಳಿದೆಯೋ ಗೊತ್ತಿಲ್ಲ. ಕಲಕದೆ ಇರುತ್ತದೆಯೇ?

ಕೊಲೆಯ ಯಂತ್ರ, ಬಿಚ್ಚಿ ನೋಡಿದರೆ

ಕೊಲೆ ನಡೆದದ್ದು 8:40 ಮತ್ತು 8:50ರ ನಡುವೆ. ಆದರೆ ಆಕ್ರಾಯ್ಡ್ ಇನ್ನೂ ಬದುಕಿದ್ದಾನೆ ಎಂದು ಎಲ್ಲರೂ ನಂಬಬೇಕು. ಅದಕ್ಕೆ ಬಳಸಿದ್ದು ಡಿಕ್ಟಾಫೋನ್. ಅಂದಿನ ಆಫೀಸುಗಳಲ್ಲಿ ಸಾಹೇಬರು ಪತ್ರದ ಒಕ್ಕಣೆಯನ್ನು ಮೇಣದ ಉರುಳೆಯ ಮೇಲೆ ಹೇಳಿ ಮುದ್ರಿಸುತ್ತಿದ್ದ ಯಂತ್ರ ಅದು. ಆಮೇಲೆ ಟೈಪಿಸ್ಟ್ ಕೇಳಿ ಟೈಪ್ ಮಾಡುತ್ತಿದ್ದರು. ಆಕ್ರಾಯ್ಡ್ ಯಾರಿಗೂ ಹೇಳದೆ ಒಂದನ್ನು ಕೊಂಡು ಸರಿಪಡಿಸಲು ಡಾಕ್ಟರನಿಗೆ ಕೊಟ್ಟಿದ್ದ. ಡಾಕ್ಟರನಿಗೆ ಯಂತ್ರ ಬಿಚ್ಚಿ ಜೋಡಿಸುವ ಹವ್ಯಾಸ, ಅದನ್ನು ಅವನೇ ಮುಂಚೆ ನಮಗೆ ಹೇಳಿರುತ್ತಾನೆ. ಅಲಾರಂ ಗಡಿಯಾರದ ತತ್ವದಲ್ಲಿ ಅದು ತಾನಾಗಿ 9:30ಕ್ಕೆ ಶುರುವಾಗುವಂತೆ ಮಾಡಿದ.

8:50ಕ್ಕೆ ಮುಂಬಾಗಿಲಿನಿಂದ ಹೊರಬಂದವನು ನೇರ ಮನೆಗೆ ಹೋಗಲಿಲ್ಲ. ಆಕ್ರಾಯ್ಡ್‌ನ ಮಲಮಗ ರಾಲ್ಫ್ ಪೇಟನ್‌ನ ಬೂಟು ಹಾಕಿಕೊಂಡು ಓದುವ ಕೋಣೆಯ ಕಿಟಕಿಯಿಂದ ಮತ್ತೆ ಒಳಗೆ ಹತ್ತಿ, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಬಂದ ದಾರಿಯಲ್ಲೇ ಇಳಿದ. ಕಿಟಕಿಯ ಹೊಸ್ತಿಲ ಮೇಲೆ ರಾಲ್ಫ್‌ನ ಬೂಟಿನ ಗುರುತು ಉಳಿಯಿತು. ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯಿತು. 9:30ಕ್ಕೆ ಬಾಗಿಲಾಚೆ ಹೋದ ಕಾರ್ಯದರ್ಶಿ ರೇಮಂಡ್‌ಗೆ ಒಳಗೆ ಆಕ್ರಾಯ್ಡ್ ಮಾತಾಡುವುದು ಕೇಳಿಸಿತು. ಆ ಹೊತ್ತಿಗೆ ಡಾಕ್ಟರ್ ತನ್ನ ಮನೆಯಲ್ಲಿ ಅಕ್ಕನ ಎದುರಿದ್ದ. ಅಲಿಬೈ ಸಿದ್ಧ.

ಇನ್ನು ಯಂತ್ರವನ್ನು ಅಲ್ಲಿಂದ ಎತ್ತಬೇಕು. ಹೆಣ ಬೆಳಿಗ್ಗೆ ಸಿಕ್ಕಿದರೆ ಕೋಣೆಗೆ ಯಾರು ಮೊದಲು ನುಗ್ಗುತ್ತಾರೋ ಹೇಳಲಾಗದು. ಅದಕ್ಕೇ ಫೋನು. ಅಂದು ಬೆಳಿಗ್ಗೆ ತನ್ನ ಬಳಿ ಬಂದಿದ್ದ ಹಡಗಿನ ನೌಕರನೊಬ್ಬನಿಗೆ, ಲಿವರ್‌ಪೂಲ್ ರೈಲು ಹತ್ತುವ ಮುಂಚೆ ಸ್ಟೇಷನ್ನಿನಿಂದ ಒಂದು ಫೋನ್ ಮಾಡು ಎಂದು ಹೇಳಿಟ್ಟಿದ್ದ. ಆ ರೈಲು ಹೊರಡುವುದು 10:23ಕ್ಕೆ, ಫೋನು ಬಂದದ್ದು 10:15ಕ್ಕೆ. ನೌಕರ ಸಮುದ್ರದ ಪಾಲು, ವಿಚಾರಿಸುವುದು ಸುಲಭವಲ್ಲ. ಡಾಕ್ಟರ್ ಚೀಲ ಹಿಡಿದು ಓಡಿಬಂದ, ಬಾಗಿಲು ಒಡೆಸಿದ, ಪೊಲೀಸರಿಗೆ ಫೋನ್ ಮಾಡಲು ಪಾರ್ಕರ್‌ನನ್ನು ಕಳಿಸಿ ಒಂದೆರಡು ನಿಮಿಷ ಒಬ್ಬನೇ ಉಳಿದ. ಅಷ್ಟರಲ್ಲಿ ಯಂತ್ರ ಚೀಲಕ್ಕೆ.

ಇಷ್ಟು ಚೆಂದದ ಯೋಜನೆ ಕೆಟ್ಟದ್ದು ಮೂರು ಸಣ್ಣ ಸಂಗತಿಗಳಿಂದ. ಬಾಗಿಲ ಕಡೆಯಿಂದ ಯಂತ್ರ ಕಾಣದಿರಲೆಂದು ಎತ್ತರದ ಬೆನ್ನಿನ ಕುರ್ಚಿಯೊಂದನ್ನು ಮುಂದಕ್ಕೆ ಎಳೆದಿದ್ದ. ಆಮೇಲೆ ಹಿಂದಕ್ಕೆ ತಳ್ಳಿದ. ಕುರ್ಚಿ ಮೊದಲು ಬೇರೆ ಕಡೆ ಇತ್ತು ಎಂಬುದು ಪಾರ್ಕರ್ ಕಣ್ಣಿಗೆ ಬಿದ್ದಿತ್ತು. ಬಟ್ಲರನ ಕೆಲಸವೇ ಅದು, ಸಾಮಾನು ತನ್ನ ಜಾಗದಲ್ಲಿದೆಯೇ ನೋಡುವುದು. ಎರಡನೆಯದು, ಮನೆಯಿಂದ ಗೇಟಿಗೆ ಐದು ನಿಮಿಷದ ದಾರಿ, ಡಾಕ್ಟರನಿಗೆ ಹತ್ತು ನಿಮಿಷ ಹಿಡಿದಿತ್ತು. ಮೂರನೆಯದು ರೇಮಂಡ್ ಕೇಳಿಸಿಕೊಂಡ ಮಾತಿನ ಧಾಟಿ. ಹಣ ಕೇಳಿದವರಿಗೆ ಇಲ್ಲ ಎನ್ನುವ ಆ ಮಾತು ಅರ್ಜಿಯ ಭಾಷೆಯಲ್ಲಿತ್ತು. ಎದುರಿಗೆ ಕೂತವರ ಜೊತೆ ಯಾರೂ ‘ತಮ್ಮ ಕೋರಿಕೆಯನ್ನು ಮನ್ನಿಸಲು ಸಾಧ್ಯವಾಗದೆಂದು ವಿಷಾದಿಸುತ್ತೇನೆ’ ಎಂಬ ಧಾಟಿಯಲ್ಲಿ ಮಾತಾಡುವುದಿಲ್ಲ. ಅದು ಬರೆಸುವ ಪತ್ರ.

ನಡುವೆ ಆಕ್ರಾಯ್ಡ್‌ನ ತಮ್ಮನ ಮಗಳು ಫ್ಲೋರಾ 9:45ಕ್ಕೆ ದೊಡ್ಡಪ್ಪನನ್ನು ಕಂಡು ಮಾತಾಡಿಸಿದೆ ಎಂದುಬಿಡುತ್ತಾಳೆ. ನಿಜವಾಗಿ ಅವಳು ಅವನ ಮಲಗುವ ಕೋಣೆಯಿಂದ 40 ಪೌಂಡ್ ಕದ್ದು ಇಳಿಯುತ್ತಿದ್ದಳು, ಪಾರ್ಕರ್ ಕಂಡಾಗ ಓದುವ ಕೋಣೆಯ ಬಾಗಿಲ ಹಿಡಿಗೆ ಕೈ ಹಚ್ಚಿದಳು, ಅಷ್ಟೇ. ದಾರಿ ತಪ್ಪಿಸುವ ಸುಳಿವು ಎಂದರೆ ಇದು. ಅವಳ ಸುಳ್ಳಿಗೂ ಕೊಲೆಗೂ ಸಂಬಂಧವಿಲ್ಲ, ಆದರೆ ಸಾವಿನ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಕೊಲೆಗಾರನಿಗೆ ಪುಕ್ಕಟೆ ಉಪಕಾರ ಮಾಡಿತು.

ಜಗಳದ ಲೆಕ್ಕಪತ್ರ

‘ಕ್ರಿಸ್ಟಿ ನಿಯಮ ಮುರಿದಳು’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ತಾರೀಖು ನೋಡಿ. ಕಾದಂಬರಿ 1926ರದು. ಎಸ್. ಎಸ್. ವ್ಯಾನ್ ಡೈನ್ ಎಂಬ ಅಮೆರಿಕದ ಲೇಖಕ ಪತ್ತೇದಾರಿ ಕಥೆಗೆ 20 ನಿಯಮ ಬರೆದದ್ದು 1928ರಲ್ಲಿ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 10 ನಿಯಮ ಕೊಟ್ಟದ್ದು 1929ರಲ್ಲಿ. ನಾಕ್ಸ್‌ನ ಮೊದಲ ನಿಯಮದ ಪ್ರಕಾರ, ಯಾರ ಯೋಚನೆಯನ್ನು ಓದುಗ ಹಿಂಬಾಲಿಸಿದ್ದಾನೋ ಅವನು ಅಪರಾಧಿಯಾಗಿರಬಾರದು. ಒಂಬತ್ತನೆಯ ನಿಯಮದ ಪ್ರಕಾರ, ವಾಟ್ಸನ್‌ನಂಥ ಜೊತೆಗಾರ ತನ್ನ ಮನಸ್ಸಿನಲ್ಲಿ ಹಾದದ್ದನ್ನು ಮುಚ್ಚಿಡಬಾರದು. ಬೇಲಿ ಹಾಕಿದ್ದು ಹಸು ಮೇದುಹೋದ ಮೇಲೆ.

ವ್ಯಾನ್ ಡೈನ್ ಎಂಬುದು ವಿಲರ್ಡ್ ಹಂಟಿಂಗ್‌ಟನ್ ರೈಟ್ ಎಂಬಾತನ ಕಾವ್ಯನಾಮ. ತನ್ನ ನಿಜ ಹೆಸರಿನಲ್ಲಿ 1927ರಲ್ಲೇ ಈ ಕಾದಂಬರಿಯ ಮುಕ್ತಾಯ ಸಲ್ಲದು ಎಂದು ಬರೆದಿದ್ದ. ತಮಾಷೆ ಏನೆಂದರೆ, ಮರುವರ್ಷದ ಅವನದೇ ಎರಡನೆಯ ನಿಯಮ ಕ್ರಿಸ್ಟಿಯ ಪರವಾಗಿದೆ: ಅಪರಾಧಿ ಪತ್ತೇದಾರನ ಮೇಲೆ ಹೂಡುವ ತಂತ್ರವನ್ನು ಬಿಟ್ಟು ಬೇರೆ ತಂತ್ರವನ್ನು ಓದುಗನ ಮೇಲೆ ಹೂಡಬಾರದು ಎನ್ನುತ್ತದೆ ಅದು. ಕಾದಂಬರಿಯೊಳಗೆ ಶೆಪರ್ಡ್ ತನ್ನ ಹಸ್ತಪ್ರತಿಯನ್ನು ಪ್ವಾರೋಗೇ ಓದಲು ಕೊಡುತ್ತಾನೆ. ನಾವು ಓದಿದ್ದನ್ನೇ ಅವನೂ ಓದಿದ. ನಿಮ್ಮನ್ನು ನೀವು ಹಿನ್ನೆಲೆಯಲ್ಲೇ ಇಟ್ಟುಕೊಂಡಿದ್ದೀರಿ ಎಂದು ನಯವಾಗಿ ಹೇಳಿದ. ನಾವು ಹೇಳಲಿಲ್ಲ.

ಇನ್ನೊಬ್ಬ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ 1928ರಲ್ಲಿ ಉತ್ತರ ಕೊಟ್ಟಳು. ಬೇಕಾದ ಮಾಹಿತಿಯೆಲ್ಲ ಕೊಟ್ಟಿದೆ, ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ, ಈ ಸಿಟ್ಟು ಜಾಣತನದಿಂದ ಏಮಾರಿಸಲ್ಪಟ್ಟವರ ಸಿಟ್ಟು ಎಂಬುದು ಅವಳ ವಾದದ ಸಾರ. ಕ್ರಿಸ್ಟಿ ಆತ್ಮಕಥೆಯಲ್ಲಿ, ಗಮನವಿಟ್ಟು ಓದಿದರೆ ಮೋಸವಿಲ್ಲ ಎಂಬುದು ಕಾಣುತ್ತದೆ ಎಂದಿದ್ದಾಳೆ.

ಉಪಾಯ ಕೊಟ್ಟದ್ದು ಯಾರು ಎಂಬುದೂ ಸ್ವಾರಸ್ಯ. ವಾಟ್ಸನ್‌ನನ್ನೇ ಕೊಲೆಗಾರ ಮಾಡಬಹುದಲ್ಲ ಎಂದು ಭಾವ ಜೇಮ್ಸ್ ವಾಟ್ಸ್ ಹೇಳಿದ್ದ. ಅಂಥದ್ದೇ ಸಲಹೆಯನ್ನು ಲಾರ್ಡ್ ಲೂಯಿ ಮೌಂಟ್‌ಬ್ಯಾಟನ್ 1924ರಲ್ಲಿ ಪತ್ರದಲ್ಲಿ ಬರೆದಿದ್ದ. ಹೌದು, ಮುಂದೆ ಭಾರತದ ಕೊನೆಯ ವೈಸ್‌ರಾಯ್ ಆದ ಅದೇ ಮೌಂಟ್‌ಬ್ಯಾಟನ್. ಆದರೆ ಉಪಾಯ ಯಾರಿಗಾದರೂ ಹೊಳೆಯಬಹುದು. 26 ಅಧ್ಯಾಯ ಸುಳ್ಳು ಹೇಳದೆ ಅದನ್ನು ನಡೆಸಿಕೊಂಡು ಹೋಗುವುದು ಕಷ್ಟ.

ಇತ್ತ, ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1944ರಲ್ಲಿ ಜನ ಪತ್ತೇದಾರಿ ಕಥೆ ಯಾಕೆ ಓದುತ್ತಾರೋ ಎಂದು ಬರೆದಾಗ ಓದುಗರಿಂದ ಪ್ರತಿಭಟನೆಯ ಪತ್ರಗಳು ಬಂದವು. ಅವನು 1945ರಲ್ಲಿ ಮತ್ತೊಂದು ಪ್ರಬಂಧ ಬರೆದು, ಆಕ್ರಾಯ್ಡ್‌ನನ್ನು ಯಾರು ಕೊಂದರೇನಂತೆ ಎಂಬ ಅರ್ಥದ ಶೀರ್ಷಿಕೆ ಇಟ್ಟ. ಅದಕ್ಕೆ ಅಡ್ಡ ಉತ್ತರದಂತೆ 1998ರಲ್ಲಿ ಫ್ರಾನ್ಸಿನ ಸಾಹಿತ್ಯ ಪ್ರಾಧ್ಯಾಪಕ ಪಿಯರ್ ಬಯಾರ್ ಇಡೀ ಪುಸ್ತಕವನ್ನೇ ಬರೆದ. ಪ್ವಾರೋ ತಪ್ಪು ಮಾಡಿದ್ದಾನೆ, ಕೊಂದವಳು ಅಕ್ಕ ಕ್ಯಾರೊಲಿನ್, ತಮ್ಮ ಅವಳನ್ನು ಉಳಿಸಲು ಅಪರಾಧ ಹೊತ್ತ ಎಂಬುದು ಅವನ ವಾದ. ನಿರೂಪಕನನ್ನು ನಂಬಬಾರದು ಎಂದಾದ ಮೇಲೆ ಅವನ ತಪ್ಪೊಪ್ಪಿಗೆಯನ್ನು ಮಾತ್ರ ಯಾಕೆ ನಂಬಬೇಕು? ಒಪ್ಪುವುದು ಕಷ್ಟ, ತಳ್ಳಿಹಾಕುವುದೂ ಸುಲಭವಲ್ಲ. 2013ರಲ್ಲಿ ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರು ಮತ ಹಾಕಿ ಇದನ್ನೇ ಈವರೆಗಿನ ಅತ್ಯುತ್ತಮ ಅಪರಾಧ ಕಾದಂಬರಿ ಎಂದು ಆರಿಸಿದರು.

ಕ್ಯಾಮೆರಾಗೆ ಯಾಕೆ ಒಗ್ಗುವುದಿಲ್ಲ

1928ರಲ್ಲಿ ಇದು ‘ಅಲಿಬೈ’ ಎಂಬ ನಾಟಕವಾಯಿತು. 2000ನೇ ಇಸವಿಯಲ್ಲಿ ಡೇವಿಡ್ ಸುಶೆ ಪ್ವಾರೋ ಆಗಿ ಟಿವಿಗೆ ಬಂತು. ರಂಗದ ಮೇಲೆ, ಪರದೆಯ ಮೇಲೆ ಡಾಕ್ಟರ್ ಹತ್ತು ಜನರಲ್ಲಿ ಒಬ್ಬ. ಅವನ ಕಣ್ಣಿನಿಂದ ನಾವು ನೋಡುತ್ತಿಲ್ಲ, ಅವನನ್ನೇ ನೋಡುತ್ತಿದ್ದೇವೆ. ಅವನೇ ಕೊಲೆಗಾರ ಎಂದಾಗ ‘ಓಹೋ’ ಅನ್ನಿಸಬಹುದು, ಕಾಲಕೆಳಗಿನ ನೆಲ ಸರಿದಂತಾಗುವುದಿಲ್ಲ. ನಾಟಕದಲ್ಲಂತೂ ಕ್ಯಾರೊಲಿನ್‌ಳನ್ನು ಎಳೆಯ ಹುಡುಗಿಯಾಗಿ ಮಾಡಿಬಿಟ್ಟಿದ್ದರು. ಕ್ರಿಸ್ಟಿಗೆ ಅದು ಹಿಡಿಸಲಿಲ್ಲ. ಮುಂದೆ ತನ್ನ ಕಥೆಗಳಲ್ಲಿ ಬಂದ ಪತ್ತೇದಾರಿ ಮುದುಕಿ ಮಿಸ್ ಮಾರ್ಪಲ್‌ಗೆ ಕ್ಯಾರೊಲಿನ್ ಮೂಲವಿರಬಹುದು ಎಂದು ಅವಳೇ ಹೇಳಿದ್ದಾಳೆ.

ಕನ್ನಡಕ್ಕೆ ತರುವವರ ಮುಂದಿನ ಮೂರು ಗುಂಡಿ

ಭಾರತದ ಕಾಪಿರೈಟ್ ಕಾಯ್ದೆಯಲ್ಲಿ ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಆ ಲೆಕ್ಕದಲ್ಲಿ ಇದು ಇಲ್ಲಿ ಮುಕ್ತವಾಗುವುದು 2036 ಮುಗಿದ ಮೇಲೆ. ಅಮೆರಿಕದಲ್ಲಿ 2022ರ ಜನವರಿ 1ರಂದೇ ಮುಕ್ತವಾಗಿದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಇಂಗ್ಲಿಷ್ ಪ್ರತಿ ಅಲ್ಲಿಯ ಕಾನೂನಿನದು. 2036 ಮುಗಿಯುವವರೆಗೆ ಇಲ್ಲಿ ಅನುವಾದ ಪ್ರಕಟಿಸಲು ಅನುಮತಿ ಬೇಕು.

ಅನುಮತಿಗಿಂತ ಕಷ್ಟದ್ದು ವ್ಯಾಕರಣ. ಕನ್ನಡದ ಓಟ ಇರುವುದೇ ‘ಎದ್ದು, ನೋಡಿ, ಹೊರಟೆ’ ಎಂಬ ಸರಪಳಿಯಲ್ಲಿ. ‘ಓದು ಎಂದು ಎಷ್ಟು ಹೇಳಿದರೂ ಅವನು ಕೇಳದಿದ್ದಾಗ ಎದ್ದು ಬಾಗಿಲು ತೆರೆದು ಹೊರಟೆ’ ಎಂದು ಬರೆದರೆ ಕನ್ನಡ ಚೆನ್ನಾಗಿದೆ, ಕಾದಂಬರಿ ಸತ್ತಿತು. ಸರಪಳಿ ಹಾಕಿದ ಕೂಡಲೇ ನಡುವೆ ಬೇರೇನೂ ನಡೆಯಲಿಲ್ಲ ಎಂದು ಹೇಳಿದಂತಾಯಿತು. ಅದು ಸುಳ್ಳು. ಇಲ್ಲಿ ವಾಕ್ಯ ಕತ್ತರಿಸಲೇಬೇಕು: ‘ಪತ್ರ ಒಳಗೆ ಬಂದಾಗ ಎಂಟು ನಲವತ್ತು. ನಾನು ಅವನನ್ನು ಬಿಟ್ಟು ಹೊರಟಾಗ ಎಂಟು ಐವತ್ತು. ಪತ್ರ ಇನ್ನೂ ಓದದೇ ಉಳಿದಿತ್ತು.’ ಕೊನೆಯದನ್ನು ‘ಅವನು ಇನ್ನೂ ಓದಿರಲಿಲ್ಲ’ ಎಂದರೂ ತಪ್ಪು. ಹಾಗೆಂದರೆ ಮುಂದೆ ಓದಬಲ್ಲವನೊಬ್ಬ ಕುರ್ಚಿಯಲ್ಲಿ ಜೀವಂತ ಕೂತಂತಾಯಿತು. ‘ಉಳಿದಿತ್ತು’ ಎಂಬಲ್ಲಿ ಯಾರೂ ಇಲ್ಲ, ಪತ್ರ ಮಾತ್ರ ಇದೆ.

ಎರಡನೆಯದು, ಪಾರ್ಕರ್‌ನನ್ನು ಫೋನಿಗೆ ಕಳಿಸಿದ ಮೇಲೆ ಡಾಕ್ಟರ್ ಹೇಳುವ ಮಾತು: ಮಾಡಬೇಕಿದ್ದ ಅಷ್ಟಿಷ್ಟು ಕೆಲಸ ಮಾಡಿದೆ. ನಾಡಿ ನೋಡಿರಬೇಕು ಎಂದು ನಾವು ತುಂಬಿಕೊಳ್ಳುತ್ತೇವೆ. ಅನುವಾದಕರು ಓದುಗರಿಗೆ ಸಹಾಯವಾಗಲೆಂದು ‘ವೈದ್ಯನಾಗಿ’ ಎಂಬ ಒಂದೇ ಪದ ಸೇರಿಸಿದರೂ ಅದು ಸುಳ್ಳಾಗುತ್ತದೆ. ಅವನು ಮಾಡಿದ್ದು ಕುರ್ಚಿ ತಳ್ಳಿ, ಯಂತ್ರ ಚೀಲಕ್ಕೆ ಹಾಕಿದ್ದು.

ಕನ್ನಡ ಒಂದು ಕಡೆ ಇಂಗ್ಲಿಷಿಗಿಂತ ಪ್ರಾಮಾಣಿಕವಾಗಬಲ್ಲದು. ನಮಗೆ ‘ಅಂತೆ’ ಇದೆ. ‘ಒಂಬತ್ತೂವರೆಗೆ ಆಕ್ರಾಯ್ಡ್ ಯಾರೊಡನೆಯೋ ಮಾತಾಡುತ್ತಿದ್ದರಂತೆ’ ಎಂದರೆ ಹೇಳುವವನು ಹೊಣೆ ಹೊತ್ತಿಲ್ಲ ಎಂಬುದು ಒಂದೇ ಪ್ರತ್ಯಯದಲ್ಲಿ ಬಂತು. ಹೆಚ್ಚು ಬಳಸಿದರೆ ಗುಟ್ಟು ಸೋರುತ್ತದೆ, ಬಳಸದಿದ್ದರೆ ನಿರೂಪಣೆ ಸುಳ್ಳಾಗುತ್ತದೆ. ಅಳತೆ ಅನುವಾದಕರ ಕೈಯಲ್ಲಿದೆ.

ಮೂರನೆಯ ಗುಂಡಿ ಅಚ್ಚಿನ ಮನೆಯಲ್ಲಿದೆ. ಕೊನೆಯ ಅಧ್ಯಾಯದಲ್ಲಿ ಶೆಪರ್ಡ್ ತನ್ನ ಬರವಣಿಗೆಯನ್ನು ತಾನೇ ಮೆಚ್ಚಿಕೊಳ್ಳುತ್ತ, ಆ 8:40ರ ವಾಕ್ಯದ ನಂತರ ಒಂದು ಸಾಲು ನಕ್ಷತ್ರ ಚಿಹ್ನೆ ಹಾಕಿದ್ದರೆ ಯಾರಾದರೂ ಆ ಹತ್ತು ನಿಮಿಷದ ಬಗ್ಗೆ ಯೋಚಿಸುತ್ತಿದ್ದರೇನೋ ಎನ್ನುತ್ತಾನೆ. ಕಾಲ ಜಿಗಿದ ಕಡೆ ಮೂರು ನಕ್ಷತ್ರ ಹಾಕುವುದು ನಮ್ಮ ಪ್ರೂಫ್ ನೋಡುವವರಿಗೆ ಕೈಗೆ ಹತ್ತಿದ ಅಭ್ಯಾಸ. 4ನೇ ಅಧ್ಯಾಯದ ಪ್ರೂಫಿನ ಅಂಚಿನಲ್ಲಿ ‘ಇಲ್ಲಿ ಏನೂ ಸೇರಿಸಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಬೇಕು.